ಕಣ್ಣು ಮುಚ್ಚುವ ಗಳಿಗೆಯಲ್ಲಿ ಮನಸ್ಸು

ಇಂದು ನಿದ್ರೆಯ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇನೆ. ವ್ರತೋಪವಾಸಗಳ ವಿಚಾರ ನಡೆಯುವಲ್ಲಿ ನಿದ್ರೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಉಪವಾಸವೆಂಬುದು ಎಚ್ಚರದ ಸಾಧನೆ. ನಿದ್ರೆಯಾದರೋ ಎಚ್ಚರವೇ ಇಲ್ಲದ ಸ್ಥಿತಿ. ಆದರೆ ಉಪವಾಸದ ದಿನಕ್ಕೂ ಒಂದು ರಾತ್ರಿ ಉಂಟಷ್ಟೆ. ಆ ರಾತ್ರಿಯಲ್ಲಿ ವ್ರತಿಯೂ ಮಲಗಲೇಬೇಕು. ಮಲಗಿದವನ ಮನಸ್ಸು ಎಚ್ಚರವನ್ನು ಬಿಟ್ಟು ನಿದ್ರೆಗೆ ಜಾರುವ ಆ ಅಲ್ಪಕಾಲದಲ್ಲಿ ವ್ರತವು ಎಲ್ಲಿರುತ್ತದೆ? ಅದನ್ನು ಕಾಯುವವರು ಯಾರು? ಇದು ವಿಚಾರ ಮಾಡತಕ್ಕ ಪ್ರಶ್ನೆಯೇ ಆಗಿದೆ.

ಕಲಘಟಗಿ ತಾಲೂಕಿನ ದೇವಿಕೊಪ್ಪದ ಕಡೆಯ ಶ್ರಾವಿಕೆಯೊಬ್ಬರು ಕೇಳಿದ ಮಾತು ಈ ಪ್ರವಚನಕ್ಕೆ ನಿಮಿತ್ತವಾಯಿತು. ಅವರು ಅನೇಕ ವರ್ಷಗಳಿಂದ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡುತ್ತ ಬಂದವರು. ಅಂದು ತಾವು ಚತುರ್ವಿಧಾಹಾರವನ್ನು ತ್ಯಜಿಸಿದ್ದರೂ ಮನೆಯವರಿಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಬಡಿಸುವುದು ಅವರಿಗೆ ತಪ್ಪಿದ್ದಲ್ಲ. ಸಂಜೆಯ ಸಾಮಾಯಿಕವಾದ ಮೇಲೆ ಮಲಗುತ್ತಾರೆ. ಹಗಲೆಲ್ಲ ಸ್ಥಿರವಾಗಿದ್ದ ಮನಸ್ಸಿನಲ್ಲಿ, ಇನ್ನೇನು ನಿದ್ರೆ ಬಂತೆನ್ನುವಷ್ಟರಲ್ಲಿ, ಹಂಚಿನ ಮೇಲಿನ ರೊಟ್ಟಿ ಕಾಣುತ್ತದೆ, ಒಗ್ಗರಣೆಯ ವಾಸನೆ ಬಂದಂತಾಗುತ್ತದೆ, ಒಮ್ಮೊಮ್ಮೆ ತಾವೇ ತಟ್ಟೆಯ ಮುಂದೆ ಕುಳಿತಂತೆಯೂ ತೋರುತ್ತದೆ. “ನನ್ನ ಉಪಾಸ ಉಳೀತೋ ಮುರೀತೋ ಹೇಳ್ರಿ” ಎಂದು ಅವರು ಕೇಳಿದರು. ಮನಸ್ಸಿನಲ್ಲಿ ಉಂಡ ಮೇಲೆ ಬಾಯಿಯಿಂದ ಉಣ್ಣದೆ ಇದ್ದು ಫಲವೇನು, ಇಂಥ ಮನಸ್ಸುಳ್ಳವಳು ವ್ರತವನ್ನು ಬಿಟ್ಟುಬಿಡುವುದೇ ಮೇಲಲ್ಲವೆ, ಎಂಬುದು ಅವರ ಅಳಲು. ತಂದುಲಮತ್ಸ್ಯದ ಕಥೆಯನ್ನು ಕೇಳಿದಂದಿನಿಂದ ಈ ಭಯವು ಅವರಲ್ಲಿ ಬಲವಾಗಿತ್ತು.

ಈ ಭಯವು ಅವರೊಬ್ಬರದಲ್ಲ. ಬಾಯಿಬಿಟ್ಟು ಹೇಳದಿದ್ದರೂ ಅನೇಕ ವ್ರತಿಗಳನ್ನು ಇದು ಕಾಡುತ್ತದೆ. ಕೆಲವರು ಇದೇ ಕಾರಣದಿಂದ ವ್ರತದಲ್ಲಿ ಶಿಥಿಲರಾಗುವುದೂ ಉಂಟು. ಆದುದರಿಂದ ಮೊದಲು ನಿದ್ರೆಯೆಂದರೇನು, ಅದು ಬರುವಾಗ ಒಳಗೆ ನಡೆಯುವುದೇನು ಎಂಬುದನ್ನು ತಿಳಿದು, ಅನಂತರ ವ್ರತದ ಪ್ರಶ್ನೆಗೆ ಬರುವುದು ಯುಕ್ತ.

ಶಾಸ್ತ್ರದಲ್ಲಿ ನಿದ್ರೆಯ ಸ್ವರೂಪ

ನಮ್ಮ ಆಚಾರ್ಯರು ನಿದ್ರೆಯನ್ನು ಕೇವಲ ದೇಹದ ವಿಶ್ರಾಂತಿಯೆಂದು ಬಿಟ್ಟುಬಿಡಲಿಲ್ಲ. ಅದನ್ನು ಕರ್ಮವಿಚಾರದಲ್ಲಿ ತಂದು ನಿಲ್ಲಿಸಿದರು. ಎಂಟು ಮೂಲಪ್ರಕೃತಿಗಳಲ್ಲಿ ಎರಡನೆಯದು ದರ್ಶನಾವರಣೀಯ. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ಈ ಕರ್ಮಕ್ಕೆ ಒಂಬತ್ತು ಭೇದಗಳನ್ನು ಹೇಳಲಾಗಿದೆ. ಅವುಗಳಲ್ಲಿ ನಾಲ್ಕು ಚಕ್ಷು, ಅಚಕ್ಷು, ಅವಧಿ, ಕೇವಲವೆಂಬ ದರ್ಶನಗಳ ಆವರಣಗಳು. ಉಳಿದ ಐದೂ ನಿದ್ರೆಗಳೇ. ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ ಎಂಬುವು ಅವುಗಳ ಹೆಸರುಗಳು.

ಕರ್ನಾಟಕದ ಹೆಮ್ಮೆಯ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವನ್ನು ವಿವರಿಸಿದ್ದಾರೆ. ದಣಿವನ್ನೂ ಬಳಲಿಕೆಯನ್ನೂ ಕಳೆಯಲು ಬರುವ ನಿದ್ದೆಯು ನಿದ್ರಾ. ಅದೇ ಮತ್ತೆ ಮತ್ತೆ ಮೇಲಿಂದ ಮೇಲೆ ಬಂದರೆ ನಿದ್ರಾನಿದ್ರಾ. ಕುಳಿತವನನ್ನೂ ಬಿಡದೆ ಕಣ್ಣು ಮೈಗಳಲ್ಲಿ ವಿಕಾರವನ್ನು ತೋರಿಸುವುದು ಪ್ರಚಲಾ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ನಿಮಿತ್ತವಾಗಿ ಗೊಮ್ಮಟಸಾರವನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಇನ್ನೂ ಸೂಕ್ಷ್ಮವಾಗಿ ಇವುಗಳ ಗುರುತುಗಳನ್ನು ಕೊಟ್ಟಿದ್ದಾರೆ. ನಿದ್ರೆಯ ಉದಯದಲ್ಲಿ ನಡೆಯುತ್ತಿದ್ದವನು ನಿಲ್ಲುತ್ತಾನೆ, ನಿಂತವನು ಕೂರುತ್ತಾನೆ, ಬೀಳುತ್ತಾನೆ. ನಿದ್ರಾನಿದ್ರೆಯಲ್ಲಿ ಎಷ್ಟು ಎಬ್ಬಿಸಿದರೂ ಕಣ್ಣು ತೆರೆಯಲಾರನು. ಪ್ರಚಲಾಪ್ರಚಲೆಯಲ್ಲಿ ಬಾಯಿಂದ ಲಾಲೆ ಸುರಿಯುತ್ತದೆ, ಕೈಕಾಲುಗಳು ಅಲುಗುತ್ತವೆ. ಸ್ತ್ಯಾನಗೃದ್ಧಿಯಲ್ಲಿ ಎಬ್ಬಿಸಿದರೂ ನಿದ್ರಿಸುತ್ತಲೇ ಮಾತನಾಡುತ್ತಾನೆ, ಕೆಲಸವನ್ನೂ ಮಾಡುತ್ತಾನೆ. ಇನ್ನು ಪ್ರಚಲೆಯಲ್ಲಿ ಕಣ್ಣು ಅರೆ ತೆರೆದಿರುತ್ತದೆ. ನಿದ್ರಿಸುತ್ತಿದ್ದರೂ ಅಷ್ಟಷ್ಟು ತಿಳಿಯುತ್ತಿರುತ್ತದೆ. 1359ರಲ್ಲಿ ಕೇಶವವರ್ಣಿಗಳು ಈ ಮಹಾಗ್ರಂಥಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದು ಈ ಗಹನವಾದ ವಿಷಯಗಳನ್ನು ನಮ್ಮ ಭಾಷೆಗೆ ತಂದರೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು.

ನಮ್ಮ ವಿಷಯಕ್ಕೆ ಮುಖ್ಯವಾದುದು ಈ ಪ್ರಚಲೆ. ಇದನ್ನು ನೋಡಲು ದೂರ ಹೋಗಬೇಕಿಲ್ಲ. ಸಂತೆ ಮುಗಿಸಿಕೊಂಡು ರಾತ್ರಿ ಚಕ್ಕಡಿಯಲ್ಲಿ ಮರಳುವ ರೈತನು ಹಗ್ಗ ಹಿಡಿದೇ ತೂಕಡಿಸುತ್ತಾನೆ. ಎತ್ತುಗಳು ದಾರಿ ಬಲ್ಲವಾದುದರಿಂದ ಮನೆಗೆ ಬಂದು ನಿಲ್ಲುತ್ತವೆ. ಕಾಡಂಚಿನ ಹೊಲದಲ್ಲಿ ಹಂದಿ ಕಾಯಲು ಕುಳಿತವನು ಅರೆಗಣ್ಣಿನಲ್ಲಿ ಇರುತ್ತಾನೆ. “ಮಲಗಿದ್ದಿಯೇನೋ?” ಎಂದು ಕೂಗಿದರೆ “ಇಲ್ಲ, ಎಚ್ಚರ ಇದ್ದೀನಿ” ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ತಾನು ಎಚ್ಚರವಿದ್ದೆನೆಂದೇ ಅವನು ನಂಬಿರುತ್ತಾನೆ. ಪ್ರವಚನದಲ್ಲಿ ಕುಳಿತು ತಲೆದೂಗುವ ನಮ್ಮ ಹಿರಿಯರಲ್ಲಿಯೂ ಎಲ್ಲರೂ ಅರ್ಥವನ್ನು ಮೆಚ್ಚಿ ತಲೆದೂಗುತ್ತಿರುವುದಿಲ್ಲವೆಂಬುದು ತಮಗೆಲ್ಲ ತಿಳಿದದ್ದೇ.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಎಂಟು ಕರ್ಮಗಳಿಗೆ ಶಾಸ್ತ್ರವು ಎಂಟು ದೃಷ್ಟಾಂತಗಳನ್ನು ಕೊಟ್ಟಿದೆ. ಜ್ಞಾನಾವರಣೀಯವು ಮುಸುಕಿನ ಬಟ್ಟೆಯಂತೆ, ಮೋಹನೀಯವು ಮದ್ಯದಂತೆ, ದರ್ಶನಾವರಣೀಯವು ದ್ವಾರಪಾಲಕನಂತೆ. ಅರಮನೆಯೊಳಗೆ ಅರಸನಿದ್ದಾನೆ, ನೋಡಬಂದವನು ಹೊರಗೆ ನಿಂತಿದ್ದಾನೆ, ನಡುವೆ ನಿಂತ ಬಾಗಿಲು ಕಾಯುವವನು ನೋಟವನ್ನು ತಡೆಯುತ್ತಾನೆ. ನಿದ್ರೆಯು ಈ ಬಾಗಿಲು ಮುಚ್ಚುವಿಕೆ. ಒಳಗಿನವನು ನಾಶವಾಗಲಿಲ್ಲ. ಉಪಯೋಗವು ಜೀವದ ಲಕ್ಷಣವಾದುದರಿಂದ ಗಾಢನಿದ್ರೆಯಲ್ಲಿಯೂ ಜೀವವು ಜಡವಾಗುವುದಿಲ್ಲ.

ಬಾಗಿಲು ಮುಚ್ಚುವ ಕ್ರಮ

ಈಗ ಇದೇ ವಿಷಯದಲ್ಲಿ ವಿಜ್ಞಾನಿಗಳು ಕಂಡುಕೊಂಡಿರುವುದನ್ನು ಸ್ವಲ್ಪ ನೋಡೋಣ. ಶಾಸ್ತ್ರಕ್ಕೆ ವಿಜ್ಞಾನದ ಮುದ್ರೆ ಬೇಕೆಂಬ ಉದ್ದೇಶದಿಂದಲ್ಲ. ನಮ್ಮ ಪ್ರಶ್ನೆಗೆ ಅದರಿಂದ ಬೆಳಕು ದೊರೆಯುತ್ತದೆಂಬ ಕಾರಣದಿಂದ.

ನಿದ್ರೆಗೆ ಜಾರುವಾಗ ಕಾಣುವ ಚಿತ್ರಗಳನ್ನು ಫ್ರಾನ್ಸ್ ದೇಶದ ಆಲ್ಫ್ರೆಡ್ ಮೋರಿ ಎಂಬ ವಿದ್ವಾಂಸನು 1848ರಲ್ಲಿಯೇ ತನ್ನ ಮೇಲೆ ತಾನೇ ಪರೀಕ್ಷೆ ಮಾಡಿಕೊಂಡು ವರ್ಣಿಸಿ, ಅವಕ್ಕೆ ಪ್ರತ್ಯೇಕ ಹೆಸರನ್ನಿಟ್ಟನು. ಜರ್ಮನಿಯ ಹಾನ್ಸ್ ಬರ್ಗರನು 1929ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಗುರುತಿಸಿದ ಲೇಖನವನ್ನು ಪ್ರಕಟಿಸಿದನು. 1937ರಲ್ಲಿ ಅಮೆರಿಕದ ಲೂಮಿಸ್ ಮತ್ತು ಸಂಗಡಿಗರು ಈ ತರಂಗಗಳ ಆಧಾರದಿಂದ ನಿದ್ರೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. ಅಂದಿನಿಂದ ಇಂದಿನವರೆಗೆ ಈ ಶೋಧನೆ ಮುಂದುವರಿದಿದೆ.

ಅವರು ಕಂಡ ಕ್ರಮ ಹೀಗಿದೆ. ಕಣ್ಣು ಮುಚ್ಚಿ ನೆಮ್ಮದಿಯಾಗಿ ಮಲಗಿದಾಗ ಮಿದುಳಿನ ತರಂಗಗಳು ಒಂದು ಸಮವಾದ ಲಯಕ್ಕೆ ಬರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಆ ಲಯವು ಒಡೆದು ನಿಧಾನವಾದ ಸಣ್ಣ ಅಲೆಗಳು ತಲೆದೋರುತ್ತವೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣಾಲಿಗಳು ಮೆಲ್ಲಗೆ ಅತ್ತಿತ್ತ ಹೊರಳುತ್ತವೆ. ಸ್ನಾಯುಗಳ ಬಿಗಿ ಸಡಿಲುತ್ತದೆ. ಆಗ ಒಮ್ಮೊಮ್ಮೆ ಎಲ್ಲಿಂದಲೋ ಬಿದ್ದಂತಾಗಿ ಮೈ ಜಗ್ಗೆಂದು ಅದುರುವುದುಂಟು. ಇದು ಆರೋಗ್ಯವಂತರಲ್ಲಿಯೂ ಆಗುವುದು, ಭಯಪಡತಕ್ಕದ್ದಲ್ಲ. ಮನಸ್ಸಿನಲ್ಲಿ ಮಾತಿನ ರೂಪದಲ್ಲಿದ್ದ ಆಲೋಚನೆಯು ಚಿತ್ರದ ರೂಪವನ್ನು ತಾಳುತ್ತದೆ. ಬಣ್ಣದ ಚುಕ್ಕೆಗಳು, ಮುಖಗಳು, ದಾರಿಗಳು ಕಾಣುತ್ತವೆ. ಯಾರೋ ಹೆಸರು ಹಿಡಿದು ಕರೆದಂತೆ ಕೇಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು ಕೂಡಿಕೊಳ್ಳುತ್ತವೆ, ಆದರೂ ಅದು ಅಸಂಬದ್ಧವೆಂದು ತೋರುವುದಿಲ್ಲ; ಅಸಂಬದ್ಧವೆಂದು ತೀರ್ಮಾನಿಸುವ ವಿವೇಕವೇ ಆಗ ಹಿಂದೆ ಸರಿದಿರುತ್ತದೆ. ಈ ಹಂತದಲ್ಲಿ ಎಬ್ಬಿಸಿ ಕೇಳಿದರೆ ಬಹಳ ಜನರು ತಾವು ನಿದ್ರಿಸಿರಲೇ ಇಲ್ಲವೆನ್ನುತ್ತಾರೆ. ಹೊಲ ಕಾಯುವವನ ಉತ್ತರವೂ ಇದೇ ಆಗಿತ್ತಲ್ಲವೆ?

ಇದರಲ್ಲಿ ಮೂರು ಸಂಗತಿಗಳನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಮೊದಲನೆಯದು: ಇಂದ್ರಿಯಗಳ ಸುದ್ದಿಯನ್ನು ಮಿದುಳಿನ ಹೊರಪದರಕ್ಕೆ ದಾಟಿಸುವ ಥಾಲಮಸ್ ಎಂಬ ಭಾಗವೊಂದು ಮಿದುಳಿನ ನಡುವೆ ಇದೆ. ಫ್ರಾನ್ಸಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ನಿದ್ರೆ ಬರುವಾಗ ಮೊದಲು ಈ ಭಾಗವು ಶಾಂತವಾಗುತ್ತದೆ. ಹೊರಪದರವು ಶಾಂತವಾಗಲು ಇನ್ನೂ ಕೆಲವು ನಿಮಿಷಗಳು ಹಿಡಿಯುತ್ತವೆ. ಅಂದರೆ ಬಾಗಿಲು ಮುಚ್ಚಿದ ಮೇಲೂ ಒಳಗಿನ ಸಭೆಯಲ್ಲಿ ಗದ್ದಲ ನಡೆದೇ ಇರುತ್ತದೆ. ಶಾಸ್ತ್ರದ ದ್ವಾರಪಾಲಕನ ದೃಷ್ಟಾಂತವು ಇಲ್ಲಿ ಯಾರಿಗಾದರೂ ನೆನಪಾಗುವುದು ಸಹಜ. ಆದರೆ ಮಿದುಳಿನ ಮಾಂಸಭಾಗವೂ ಸೂಕ್ಷ್ಮವಾದ ಕರ್ಮಪುದ್ಗಲವೂ ಒಂದೇ ಎಂದು ಹೇಳಿಬಿಡುವುದು ಸರಿಯಲ್ಲ. ಹೋಲಿಕೆಯನ್ನು ಹೋಲಿಕೆಯೆಂದೇ ತಿಳಿಯತಕ್ಕದ್ದು.

ಎರಡನೆಯದು: ಅಮೆರಿಕದಲ್ಲಿ 2000ನೆಯ ಇಸವಿಯಲ್ಲಿ ಸ್ಟಿಕ್‌ಗೋಲ್ಡ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪರದೆಯ ಮೇಲೆ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟವನ್ನು ಕೆಲವರಿಗೆ ದಿನವೂ ಆಡಲು ಕೊಟ್ಟರು. ರಾತ್ರಿ ನಿದ್ರೆಗೆ ಜಾರುವಾಗ ಅವರಲ್ಲಿ ಬಹಳ ಜನರಿಗೆ ಅದೇ ಬೀಳುವ ತುಂಡುಗಳು ಕಂಡವು. ಪ್ರಯೋಗದಲ್ಲಿ ಮಿದುಳಿನ ಗಾಯದಿಂದ ಹೊಸ ನೆನಪೇ ನಿಲ್ಲದ ಐವರು ಇದ್ದರು. ತಾವು ಆ ಆಟವನ್ನು ಆಡಿದ್ದೂ ಅವರಿಗೆ ನೆನಪಿರಲಿಲ್ಲ. ಆದರೂ ಅವರಲ್ಲಿ ಮೂವರು, ನಿದ್ರೆ ಬರುವಾಗ ಅಂಥದೇ ಆಕಾರಗಳು ಕಾಣುತ್ತವೆಂದು ಹೇಳಿದರು. ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ದಿನವಿಡೀ ಭತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೆ ರಾತ್ರಿ ಕಣ್ಣು ಮುಚ್ಚಿದರೆ ಹಸಿರು ಸಾಲೇ ಕಾಣುತ್ತದೆ. ಹಗಲಿನ ಮುದ್ರೆಯು ನೆನಪಿನ ಅಪ್ಪಣೆಯನ್ನು ಕೇಳದೆ ತಾನೇ ಮೇಲೇಳುತ್ತದೆ.

ಮೂರನೆಯದು: ನಿದ್ರೆಗೆ ಮುಂಚಿನ ಕೆಲವು ನಿಮಿಷಗಳಲ್ಲಿ ಕೇಳಿದ ಶಬ್ದಗಳು, ಹತ್ತು ನಿಮಿಷ ನಿದ್ರೆಯಾದ ಬಳಿಕ ಎಬ್ಬಿಸಿ ಕೇಳಿದರೆ ಬಹುಮಟ್ಟಿಗೆ ಮರೆತುಹೋಗಿರುತ್ತವೆಂದು 1994ರ ಒಂದು ಪರೀಕ್ಷೆ ತೋರಿಸಿದೆ. ಆದುದರಿಂದಲೇ ತಾನು ನಿದ್ರೆಹೋದ ಗಳಿಗೆಯನ್ನು ಯಾರೂ ಕಂಡು ಹೇಳಲಾರರು. ನೋಡುವವನೇ ಮೊದಲು ಹೊರಟುಹೋಗುವಾಗ ನೋಡುವುದು ಹೇಗೆ?

ತಂದುಲಮತ್ಸ್ಯವೂ ಬೇಲಿಯ ಎತ್ತೂ

ಇನ್ನು ಶ್ರಾವಿಕೆಯ ಪ್ರಶ್ನೆಗೆ ಬರೋಣ. ತಂದುಲಮತ್ಸ್ಯದ ಕಥೆಯನ್ನು ತಾವೆಲ್ಲ ಬಲ್ಲಿರಿ. ಸ್ವಯಂಭೂರಮಣ ಸಮುದ್ರದಲ್ಲಿ ಮಹಾಮತ್ಸ್ಯವೊಂದು ಬಾಯಿ ತೆರೆದು ಮಲಗಿರುತ್ತದೆ. ಅದರ ಕಿವಿಯಲ್ಲಿ ಅಕ್ಕಿಕಾಳಿನಷ್ಟೇ ಇರುವ ಸಣ್ಣ ಮೀನು ವಾಸವಾಗಿದೆ. ದೊಡ್ಡ ಮೀನಿನ ಬಾಯೊಳಗೆ ಸಾವಿರಾರು ಮೀನುಗಳು ಹೋಗಿ ಬರುವುದನ್ನು ಕಂಡು, ಇಷ್ಟು ದೊಡ್ಡ ದೇಹವು ತನಗಿದ್ದರೆ ಒಂದನ್ನೂ ಬಿಡದೆ ನುಂಗುತ್ತಿದ್ದೆನಲ್ಲ ಎಂದು ಅದು ಸದಾ ಚಿಂತಿಸುತ್ತದೆ. ಒಂದು ಮೀನನ್ನೂ ತಿನ್ನದೆ, ಬರಿಯ ಭಾವದಿಂದಲೇ ಅದು ಏಳನೆಯ ನರಕಕ್ಕೆ ಹೋಯಿತು. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಈ ಮೀನನ್ನು ಉದಾಹರಿಸಿ ಭಾವಶುದ್ಧಿಯ ಮಹತ್ತ್ವವನ್ನು ತಿಳಿಸಿದ್ದಾರೆ.

ಆದರೆ ಈ ಕಥೆಯಲ್ಲಿ ನಿದ್ರಿಸುತ್ತಿದ್ದವರು ಯಾರು ಎಂಬುದನ್ನು ಗಮನಿಸಿರಿ. ಮಲಗಿದ್ದುದು ಮಹಾಮತ್ಸ್ಯ, ಸಣ್ಣ ಮೀನು ಎಚ್ಚರವಾಗಿತ್ತು. ಅದು ನೋಡಿತು, ಹೋಲಿಸಿತು, ಬಯಸಿತು, ದೊರೆಯದುದಕ್ಕೆ ಮರುಗಿತು, ಮರುದಿನ ಮತ್ತೆ ಅದನ್ನೇ ಮಾಡಿತು. ಇದು ಕಂಡ ಚಿತ್ರವಲ್ಲ, ಕಟ್ಟಿದ ಸಂಕಲ್ಪ. ಹಿಂಸೆಯಲ್ಲಿ ಸಂತೋಷಪಡುವ ರೌದ್ರಧ್ಯಾನ. ಹಗಲೆಲ್ಲ ಹಸಿದಿದ್ದು, ದಣಿದು ಮಲಗಿದ ತಾಯಿಯ ಕಣ್ಣಮುಂದೆ ತಾನಾಗಿ ಬಂದು ನಿಂತ ರೊಟ್ಟಿಗೂ ಈ ಸಂಕಲ್ಪಕ್ಕೂ ಸಮಾನತೆಯನ್ನು ಕಲ್ಪಿಸುವುದು ನ್ಯಾಯವಲ್ಲ. ಬೆಳಗಿನಿಂದ ಅವರ ಕೈ ಮಾಡಿದ ಕೆಲಸ ರೊಟ್ಟಿ ಬಡಿಯುವುದೇ ಆಗಿತ್ತು. ಕಳೆ ಕಿತ್ತವರಿಗೆ ಹಸಿರು ಸಾಲು ಕಂಡಂತೆ ಅವರಿಗೆ ರೊಟ್ಟಿ ಕಂಡಿತು. ಹಸಿವು ಅಸಾತಾವೇದನೀಯದ ಉದಯ. ಬಾಗಿಲು ಮುಚ್ಚಿದ್ದು ದರ್ಶನಾವರಣೀಯದ ಉದಯ. ಇವೆರಡೂ ಹಿಂದೆ ಕಟ್ಟಿದ ಕರ್ಮದ ಫಲಗಳು. ಸ್ಥಿತಿ ಅನುಭಾಗಗಳನ್ನು ಕೊಟ್ಟು ಹೊಸ ಕರ್ಮವನ್ನು ಬಲವಾಗಿ ಬಂಧಿಸುವುದು ಕಷಾಯ. ಆದುದರಿಂದ ಕೇಳತಕ್ಕ ಪ್ರಶ್ನೆ “ಏನು ಕಂಡಿತು?” ಎಂಬುದಲ್ಲ, “ಕಂಡದ್ದರೊಡನೆ ನಾನು ಕೂಡಿದೆನೇ?” ಎಂಬುದು.

ಶಾಸ್ತ್ರವು ದೋಷಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದೆ: ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ. ಬೆಳೆದ ಗದ್ದೆಯ ಬೇಲಿಯ ಹೊರಗೆ ಮುದಿ ಎತ್ತೊಂದು ನಿಂತಿದೆಯೆಂದು ತಿಳಿಯಿರಿ. ಒಳಗಿನ ಪೈರನ್ನು ತಿನ್ನಬೇಕೆಂದು ಅದು ಬಯಸಿದರೆ ಅತಿಕ್ರಮ. ಬೇಲಿಯ ಸಂದಿನಲ್ಲಿ ತಲೆ ತೂರಿಸಿದರೆ ವ್ಯತಿಕ್ರಮ. ಒಂದು ಬಾಯಿ ಕಿತ್ತುಕೊಂಡರೆ ಅತಿಚಾರ. ಒಳಗೆ ನುಗ್ಗಿ ಮನಸ್ವೀ ಮೇದರೆ ಅನಾಚಾರ. ಆಗ ವ್ರತವು ಭಂಗವಾಯಿತು. ಗಾಳಿ ಬೀಸಿದಾಗ ಪೈರಿನ ವಾಸನೆ ಎತ್ತಿನ ಮೂಗಿಗೆ ತಾಗಿದ ಮಾತ್ರಕ್ಕೆ ಯಾವ ರೈತನೂ ಅದನ್ನು ದೊಡ್ಡಿಗೆ ಅಟ್ಟುವುದಿಲ್ಲ.

ಹೀಗಿರುವಲ್ಲಿ ಆ ಶ್ರಾವಿಕೆಯ ಉಪವಾಸವು ಮುರಿಯಲಿಲ್ಲವೆಂದೇ ಸ್ಪಷ್ಟವಾಗಿ ಹೇಳಬೇಕು. ಇನ್ನೂ ಎಚ್ಚರವಿರುವಾಗ, ಬಂದ ಚಿತ್ರವನ್ನು ಹಿಡಿದುಕೊಂಡು, ನಾಳೆಯ ಪಾರಣೆಗೆ ಅದನ್ನು ಮಾಡಬೇಕು ಇದನ್ನು ಮಾಡಬೇಕು ಎಂದು ಮನಸ್ಸು ರುಚಿ ನೋಡತೊಡಗಿದರೆ ಅದು ಅತಿಕ್ರಮವೇ ಸರಿ; ಅಲ್ಲಿಯೇ ತಡೆದು ನಿಂದಿಸಿಕೊಳ್ಳಬೇಕು. ನಿದ್ರೆಯಲ್ಲಿ ಬಂಧವೇ ಇಲ್ಲವೆಂದೂ ತಿಳಿಯಬಾರದು. ಕಷಾಯವು ಮಲಗಿದವನಲ್ಲಿಯೂ ಇದ್ದೇ ಇರುತ್ತದೆ. ಅದಕ್ಕಾಗಿಯೇ ಪ್ರತಿಕ್ರಮಣದ ಏಳು ಭೇದಗಳಲ್ಲಿ ದೈವಸಿಕದ ಜೊತೆಗೆ ರಾತ್ರಿಕ ಪ್ರತಿಕ್ರಮಣವನ್ನೂ ಹೇಳಿದ್ದಾರೆ. ಮಹಾವ್ರತಿಗಳಾದ ಮುನಿಗಳೂ ಬೆಳಗ್ಗೆ ಎದ್ದು ರಾತ್ರಿಯ ದೋಷಗಳನ್ನು ಆಲೋಚಿಸಿ ಶುದ್ಧರಾಗುತ್ತಾರೆ. ದೋಷ ಬಂದುದರಿಂದ ಅವರು ಮಹಾವ್ರತವನ್ನು ಬಿಡುವುದಿಲ್ಲ. ಪ್ರತಿಕ್ರಮಣ ಮಾಡಿ ಮುಂದುವರಿಯುತ್ತಾರೆ. ನಿದ್ರೆಯನ್ನು ಹದಿನೈದು ಪ್ರಮಾದಗಳಲ್ಲಿ ಒಂದೆಂದು ಎಣಿಸಿದ ಶಾಸ್ತ್ರವೇ, ನಿದ್ರಾ ಪ್ರಚಲೆಗಳ ಉದಯವು ಹನ್ನೆರಡನೆಯ ಗುಣಸ್ಥಾನದ ಕೊನೆಯ ಸಮಯಕ್ಕೆ ಹಿಂದಿನ ಸಮಯದವರೆಗೂ ಇರುತ್ತದೆಂದು ಹೇಳಿದೆ. ಹದಿನೆಂಟು ದೋಷಗಳಿಂದ ರಹಿತರಾದ ಅರ್ಹಂತರಿಗೆ ಮಾತ್ರ ನಿದ್ರೆಯಿಲ್ಲ. ಉಪಶಾಂತಮೋಹರೂ ಕ್ಷೀಣಮೋಹರೂ ಪೂರ್ಣವಾಗಿ ಕಳೆಯದ ಆವರಣವು ಗೃಹಸ್ಥೆಯೊಬ್ಬಳಲ್ಲಿ ಕಂಡರೆ ಅದಕ್ಕಾಗಿ ವ್ರತವನ್ನೇ ತೊರೆಯುವುದು, ಮನೆಯಲ್ಲಿ ಧೂಳು ಬಿತ್ತೆಂದು ಮನೆಯನ್ನೇ ಬಿಟ್ಟು ಹೋದಂತೆ.

ಮಲಗುವ ಮುನ್ನ ಮಾಡತಕ್ಕದ್ದು

ಹಾಗಾದರೆ ನಾವು ಮಾಡತಕ್ಕದ್ದೇನೂ ಇಲ್ಲವೆ? ಉಂಟು. ನಿದ್ರೆಯ ಹೊಸ್ತಿಲಲ್ಲಿ ವಿವೇಕವು ಮೊದಲು ಹೊರಟುಹೋಗುತ್ತದೆ, ಹಗಲಿನ ಅಭ್ಯಾಸವು ಉಳಿಯುತ್ತದೆ ಎಂಬುದನ್ನು ಕಂಡೆವು. ಆದುದರಿಂದ ಆ ಗಳಿಗೆಯಲ್ಲಿ ಮನಸ್ಸನ್ನು ತಿದ್ದಲು ಹೊರಡುವುದು ವ್ಯರ್ಥ, ತಿದ್ದುವವನೇ ಅಲ್ಲಿರುವುದಿಲ್ಲ. ಎಚ್ಚರವಿರುವಾಗಲೇ, ಕುಳಿತಿರುವಾಗಲೇ, ಮಲಗಲಿರುವವನ ಪರವಾಗಿ ಕೆಲಸವನ್ನು ಮುಗಿಸಿಡಬೇಕು. ನಮ್ಮ ಪೂರ್ವಾಚಾರ್ಯರು ವಿಧಿಸಿದ ಸಂಜೆಯ ಕ್ರಿಯೆಗಳೆಲ್ಲ ಇದೇ ಮರ್ಮವನ್ನು ಒಳಗೊಂಡಿವೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧೋಪವಾಸವನ್ನು ಹೇಳುವಾಗ, ಉಪವಾಸ ಮಾಡುವವನು ಆಲಸ್ಯವಿಲ್ಲದೆ ಜ್ಞಾನಧ್ಯಾನಗಳಲ್ಲಿ ತತ್ಪರನಾಗಿರಬೇಕೆಂದು ವಿಧಿಸಿದ್ದಾರೆ. ಉಪವಾಸದ ದಿನ ಹೊತ್ತು ಹೋಗಲೆಂದು ಮಧ್ಯಾಹ್ನವೆಲ್ಲ ಮಲಗಿ ಕಳೆಯುವವರು ಇದನ್ನು ಗಮನಿಸಬೇಕು. ಅಕಲಂಕದೇವರು ದರ್ಶನಾವರಣೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಲ್ಲಿ ದೀರ್ಘನಿದ್ರೆ, ಹಗಲುನಿದ್ರೆ, ಆಲಸ್ಯಗಳನ್ನೂ ಸೇರಿಸಿದ್ದಾರೆ. ಹಗಲು ಮಲಗಿದವನು ರಾತ್ರಿ ಹೊರಳಾಡುತ್ತಾನೆ; ಹೊರಳಾಡುವವನ ಮುಂದೆ ಆಹಾರದ ಚಿತ್ರಗಳ ಮೆರವಣಿಗೆ ಉದ್ದವಾಗುತ್ತದೆ. ಆದರೆ ಇದರ ಅರ್ಥ, ರಾತ್ರಿಯೆಲ್ಲ ಬಲವಂತವಾಗಿ ಎಚ್ಚರವಿದ್ದು ದೇಹವನ್ನು ಕೆಡಿಸಿಕೊಳ್ಳಬೇಕೆಂದಲ್ಲ. ತಪಸ್ಸು ಶಕ್ತಿಗೆ ತಕ್ಕಂತೆ ಇರಬೇಕು. ವೃದ್ಧರು, ಗರ್ಭಿಣಿಯರು, ಸಕ್ಕರೆ ರೋಗಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಉಪವಾಸದ ಪ್ರಮಾಣವನ್ನು ನಿಶ್ಚಯಿಸುವುದು ವಿವೇಕ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರೋಷಧೋಪವಾಸದ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲೊಂದು, ನೋಡದೆ ಶೋಧಿಸದೆ ಹಾಸಿಗೆಯನ್ನು ಹಾಸುವುದು, ಕೊನೆಯದು, ಮರೆವು. ಇವೆರಡನ್ನು ಒಟ್ಟಿಗೆ ಓದಿದರೆ ಮಲಗುವವನಿಗೆ ಬೇಕಾದ ಉಪದೇಶವೆಲ್ಲ ದೊರೆಯುತ್ತದೆ. ಹಾಸಿಗೆಯನ್ನು ಕೊಡವಿ, ಕೆಳಗೆ ಇರುವೆಯಿದೆಯೇ, ಹುಳುವಿದೆಯೇ ಎಂದು ದೀಪದಲ್ಲಿ ನೋಡಿ, ಮೆಲ್ಲನೆ ಹಾಸುವವನ ಮನಸ್ಸು ಆಗಲೇ ಜೀವದಯೆಯಲ್ಲಿ ನೆಲೆಯಾಗಿರುತ್ತದೆ. ಹಾಸಿಗೆಯನ್ನು ನೋಡಿದಂತೆಯೇ ಮನಸ್ಸನ್ನೂ ಕೊಡವಿ ನೋಡಬೇಕು. ಇಂದು ಯಾರಿಗೆ ಕಟುವಾಗಿ ನುಡಿದೆ, ಯಾರ ಮೇಲೆ ಕೋಪವನ್ನು ಇಟ್ಟುಕೊಂಡು ಮಲಗಲಿದ್ದೇನೆ ಎಂದು ಆಲೋಚಿಸಿ, ಕ್ಷಮೆಯನ್ನು ಬೇಡಿ, ಕ್ಷಮೆಯನ್ನು ಕೊಟ್ಟು ದೈವಸಿಕ ಪ್ರತಿಕ್ರಮಣವನ್ನು ಮುಗಿಸಬೇಕು.

ಅನಂತರ ಕಾಯೋತ್ಸರ್ಗ. ಒಂಬತ್ತು ಸಲ ಣಮೋಕಾರ ಮಂತ್ರ, ಒಂದೊಂದಕ್ಕೆ ಮೂರು ಉಸಿರಿನಂತೆ ಒಟ್ಟು ಇಪ್ಪತ್ತೇಳು ಉಸಿರು. ಇದನ್ನು ಕುಳಿತೋ ನಿಂತೋ ಪೂರ್ಣ ಎಚ್ಚರದಲ್ಲಿ ಮಾಡತಕ್ಕದ್ದು. ಮಲಗಿದ ಮೇಲೆ ಮಾಡುತ್ತೇನೆಂದವನ ಲೆಕ್ಕವು ನಾಲ್ಕನೆಯದರಲ್ಲಿಯೇ ತಪ್ಪುತ್ತದೆ. ಇಲ್ಲಿ ಒಬ್ಬರು ಶಂಕಿಸಬಹುದು: ನಿದ್ರೆಗೆ ಮುಂಚಿನ ನಿಮಿಷಗಳೆಲ್ಲ ಮರೆತುಹೋಗುವುದಾದರೆ ಆಗ ಮಾಡಿದ ಜಪದಿಂದ ಏನು ಪ್ರಯೋಜನ? ಮರೆಗುಳಿಗಳ ಆ ಪ್ರಯೋಗವೇ ಇದಕ್ಕೆ ಉತ್ತರ. ಅವರಿಗೆ ಆಟವು ನೆನಪಿರಲಿಲ್ಲ, ಆದರೂ ಆಟದ ಮುದ್ರೆಯು ಒಳಗೆ ಕೆಲಸ ಮಾಡುತ್ತಿತ್ತು. ಮುದ್ರೆಯು ಬೀಳಲು ನೆನಪು ಬೇಕಿಲ್ಲ. ಕೆಟ್ಟ ಸಂಸ್ಕಾರಕ್ಕೆ ಈ ಮಾತು ಒಪ್ಪುವುದಾದರೆ ಒಳ್ಳೆಯ ಸಂಸ್ಕಾರಕ್ಕೂ ಒಪ್ಪಲೇಬೇಕು.

ಕೊನೆಯದಾಗಿ ನಿಯಮ. ಈ ರಾತ್ರಿ ನಿದ್ರೆಯಿಂದ ಏಳುವವರೆಗೆ ನಾಲ್ಕು ವಿಧದ ಆಹಾರವನ್ನೂ, ಆರಂಭ ಪರಿಗ್ರಹಗಳನ್ನೂ ತ್ಯಜಿಸಿದ್ದೇನೆ. ಎದ್ದರೆ ಎತ್ತಿಕೊಳ್ಳುವೆನು, ಏಳದಿದ್ದರೆ ಎಲ್ಲವೂ ಬಿಟ್ಟದ್ದೇ ಆಗಲಿ ಎಂದು ಸಂಕಲ್ಪಿಸಿ ಮಲಗುವ ಪದ್ಧತಿಯು ನಮ್ಮ ಅನೇಕ ಮನೆಗಳಲ್ಲಿ ಉಂಟು. ರಾತ್ರಿಭೋಜನವನ್ನು ತ್ಯಜಿಸಿದ ಕುಟುಂಬಕ್ಕೆ ಇದರಲ್ಲಿ ಹೊಸದಾಗಿ ಬಿಡತಕ್ಕ ಆಹಾರವೇನೂ ಇಲ್ಲ. ಆದರೆ ಬಿಟ್ಟೆನೆಂಬ ಅರಿವು ಸೇರಿದಾಗ ಬರಿಯ ಅಭ್ಯಾಸವು ವ್ರತವಾಗುತ್ತದೆ.

ಈ ಕಾಲದ ಒಂದು ಅಂತರಾಯವನ್ನೂ ಹೇಳದೆ ಇರಲಾಗದು. ಇಂದು ಅನೇಕರ ಕೊನೆಯ ದರ್ಶನವು ಮೊಬೈಲಿನ ಪರದೆಯದು. ನಮ್ಮ ಶಾಸ್ತ್ರವು ನಾಲ್ಕು ವಿಕಥೆಗಳನ್ನು ನಿಷೇಧಿಸಿದೆ. ಅವುಗಳಲ್ಲಿ ಭಕ್ತಕಥೆ, ಅಂದರೆ ಊಟ ತಿಂಡಿಯ ಮಾತು, ಒಂದು. ಹಗಲೆಲ್ಲ ಉಪವಾಸವಿದ್ದು ರಾತ್ರಿ ಹಾಸಿಗೆಯಲ್ಲಿ ಒಬ್ಬರ ಹಿಂದೊಬ್ಬರು ಅಡಿಗೆ ಮಾಡಿ ತೋರಿಸುವುದನ್ನು ನೋಡುತ್ತ ಮಲಗಿದವರಿಗೆ, ಕಣ್ಣು ಮುಚ್ಚಿದ ಮೇಲೆ ಏನು ಕಾಣಬೇಕು? ಆ ಚಿತ್ರವು ತಾನಾಗಿ ಬಂದದ್ದೆಂದು ಅವರು ಹೇಳುವಂತಿಲ್ಲ. ಕರೆದು ಕೂರಿಸಿದ ಅತಿಥಿ ಅದು.

ಮಕ್ಕಳ ವಿಷಯದಲ್ಲಿ ತಾಯಂದಿರ ಹೊಣೆಯು ಇನ್ನೂ ದೊಡ್ಡದು. ಕಲಘಟಗಿಯು ಬಣ್ಣದ ಮರದ ತೊಟ್ಟಿಲುಗಳಿಗೆ ಹೆಸರಾದ ಊರು. ಆ ತೊಟ್ಟಿಲನ್ನು ತೂಗುವ ಕೈಗೆ ಮಗುವಿನ ಎಚ್ಚರದ ಕೊನೆಯ ಗಳಿಗೆಯು ವಶವಾಗಿರುತ್ತದೆ. ಆ ಗಳಿಗೆಯಲ್ಲಿ ಮಗುವಿನ ಕಿವಿಗೆ ಜಗಳದ ಮಾತು ಬೀಳಬೇಕೋ, ಪಂಚನಮಸ್ಕಾರವು ಬೀಳಬೇಕೋ ಎಂಬುದನ್ನು ನಿರ್ಣಯಿಸುವವರು ತಾಯಿ ಅಜ್ಜಿಯರೇ.

ಪ್ರತಿ ರಾತ್ರಿಯ ಅಭ್ಯಾಸ

ಇಷ್ಟು ಹೇಳಿದ ಮೇಲೆ ಇನ್ನೊಂದು ಗಹನವಾದ ಮಾತು ಉಳಿಯುತ್ತದೆ. ನಿದ್ರೆಯಲ್ಲಿ ಬಾಗಿಲು ಮುಚ್ಚುವಂತೆಯೇ ಇನ್ನೊಮ್ಮೆ ಬಾಗಿಲು ಮುಚ್ಚುವ ದಿನವಿದೆ. ಅಂದೂ ಇಂದ್ರಿಯಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ, ಮಾತು ತೊದಲುತ್ತದೆ, ವಿವೇಕವು ಮಂದವಾಗುತ್ತದೆ. ಆ ಹೊತ್ತಿನಲ್ಲಿ ಮನಸ್ಸು ಎಲ್ಲಿರಬೇಕೆಂಬುದೇ ನಮ್ಮ ಧರ್ಮದ ಪರಮ ಪ್ರಶ್ನೆ. ಕನ್ನಡದ ಪ್ರಾಚೀನ ಗದ್ಯಗ್ರಂಥವಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳೂ ಘೋರವಾದ ಉಪಸರ್ಗ ಪರೀಷಹಗಳ ನಡುವೆ ಆರಾಧನೆಯಲ್ಲಿ ಸ್ಥಿರರಾಗಿ ದೇಹವನ್ನು ಬಿಟ್ಟವರ ಕಥೆಗಳು. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ, ಸುಮಾರು ಏಳನೆಯ ಶತಮಾನದಿಂದ ಮೊದಲ್ಗೊಂಡು, ಸಮಾಧಿಮರಣವನ್ನು ಪಡೆದವರ ಹೆಸರುಗಳು ಸಾಲುಸಾಲಾಗಿ ಕೆತ್ತಲ್ಪಟ್ಟಿವೆ.

ನಮ್ಮ ಸಮೀಪದ ಕಾಲದಲ್ಲಿಯೇ ಅಂಥ ಉದಾಹರಣೆಯನ್ನು ಲೋಕವು ಕಂಡಿತು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ, 1872ರಲ್ಲಿ ಜನಿಸಿದ, ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದರು. ಸೆಪ್ಟೆಂಬರ್ 8ರಂದು ಅವರು ಕೊಟ್ಟ ಕೊನೆಯ ಉಪದೇಶವು ಧ್ವನಿಮುದ್ರಣಗೊಂಡಿದೆ. ಆತ್ಮಚಿಂತನೆಯನ್ನು ಮಾಡಿರೆಂಬುದೇ ಅದರ ಸಾರ. ಸೆಪ್ಟೆಂಬರ್ 18ರಂದು ಅವರು ಸಮಾಧಿಸ್ಥರಾದರು. ಆ ದಿನದ ಎಚ್ಚರವು ಆ ದಿನವೇ ಹುಟ್ಟಿದ್ದಲ್ಲ. ನೆಲದ ಮೇಲೆ, ಒಂದೇ ಮಗ್ಗುಲಿನಲ್ಲಿ, ರಾತ್ರಿಯ ಕೊನೆಯ ಭಾಗದಲ್ಲಿ ಅಲ್ಪವಾಗಿ ಮಲಗುವ ಕ್ಷಿತಿಶಯನವೆಂಬ ಮೂಲಗುಣವನ್ನು ದಶಕಗಳ ಕಾಲ ಪಾಲಿಸಿ, ಪ್ರತಿ ಸಂಜೆ ಪ್ರತಿ ಬೆಳಗ್ಗೆ ಪ್ರತಿಕ್ರಮಣ ಮಾಡಿ ಬಂದ ಮನಸ್ಸಿನ ಎಚ್ಚರ ಅದು. ಪ್ರತಿಕ್ರಮಣದ ಏಳು ಭೇದಗಳಲ್ಲಿ ಕೊನೆಯದಾದ ಉತ್ತಮಾರ್ಥ ಪ್ರತಿಕ್ರಮಣವು, ರಾತ್ರಿಕ ದೈವಸಿಕಗಳನ್ನು ಸಾವಿರಾರು ಬಾರಿ ಮಾಡಿದವರಿಗೆ ಸಹಜವಾಗಿ ಒದಗುತ್ತದೆ.

ಗೃಹಸ್ಥರಾದ ನಮಗೆ ಅಷ್ಟು ದೊಡ್ಡ ಸಾಧನೆಯು ಇಂದೇ ಸಾಧ್ಯವಿಲ್ಲದಿರಬಹುದು. ಆದರೆ ಪ್ರತಿ ರಾತ್ರಿಯೂ ನಮಗೊಂದು ಸಣ್ಣ ಅಭ್ಯಾಸವನ್ನು ತಂದು ಕೊಡುತ್ತದೆ. ಅರವತ್ತು ವರ್ಷ ಬಾಳಿದವನು ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಬಾರಿ ಈ ಹೊಸ್ತಿಲನ್ನು ದಾಟಿರುತ್ತಾನೆ. ಅಷ್ಟೂ ಬಾರಿ ಅಜಾಗರೂಕನಾಗಿ ದಾಟಿ, ಕಡೆಯ ಒಂದು ಬಾರಿ ಮಾತ್ರ ಜಾಗರೂಕನಾಗಿ ದಾಟುವೆನೆಂಬ ನಂಬಿಕೆಗೆ ಆಧಾರವೆಲ್ಲಿದೆ?

ಆದುದರಿಂದ ಧರ್ಮಬಂಧುಗಳೇ, ತಾಯಂದಿರೇ, ಮುಂದಿನ ಚತುರ್ದಶಿಯಂದು ಉಪವಾಸವನ್ನು ಧೈರ್ಯದಿಂದ ಮಾಡಿರಿ. ಸಂಜೆ ಹಾಸಿಗೆಯನ್ನು ನೋಡಿ ಹಾಸಿರಿ, ಮನಸ್ಸನ್ನು ನೋಡಿ ಮಲಗಿರಿ. ಇಪ್ಪತ್ತೇಳು ಉಸಿರು ಎಚ್ಚರದಲ್ಲಿಯೇ ಮುಗಿಯಲಿ. ಅನಂತರ ಕಣ್ಣ ಮುಂದೆ ಏನು ಬಂದರೂ ಅದು ಬಂದು ಹೋಗುವ ಉದಯವೆಂದು ತಿಳಿದು, ಅದರ ಬೆನ್ನು ಹತ್ತದೆ, ಅದಕ್ಕೆ ಬೆದರದೆ ಇರಿ. ಬೆಳಗ್ಗೆ ಎದ್ದೊಡನೆ ರಾತ್ರಿಕ ಪ್ರತಿಕ್ರಮಣವನ್ನು ಮಾಡಿ, ಜಿನದರ್ಶನವಾದ ಮೇಲೆ ಪಾರಣೆಯನ್ನು ಮಾಡಿರಿ. ವ್ರತವು ನಿಮ್ಮನ್ನು ಕಾಯುವಂತೆ ನೀವು ವ್ರತವನ್ನು ಕಾಯಿರಿ. ಸರ್ವಜೀವಿಗಳಿಗೂ ಮಂಗಳವಾಗಲಿ.